ಬಣ್ಣದ ಮೇಲೆ ಹಾಕಿದ ತಪ್ಪು

ಮಂಗಳೂರಿನ ಬಂದರಿನ ಬದಿಯಲ್ಲಿ ಐತಪ್ಪ ಎಂಬ ಒಬ್ಬ ಹುಲಿ ಇದ್ದ. ವರ್ಷವಿಡೀ ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನಿಗೆ ಐಸ್ ಹೊರುವ ಮನುಷ್ಯ. ನವರಾತ್ರಿ ಬಂತೆಂದರೆ ಮೈಗೆಲ್ಲ ಹಳದಿ, ಕಪ್ಪು ಬಣ್ಣ ಬಳಿಸಿಕೊಂಡು ಬೀದಿಗಿಳಿಯುವ ಹುಲಿ. ಅಂಥಿಂಥ ಹುಲಿಯಲ್ಲ, ಹುಲಿವೇಷದ ತಂಡದ ದೊಡ್ಡ ಹುಲಿ. ಅವನು ಒಮ್ಮೆ ಘರ್ಜಿಸಿದರೆ ಕಡಲಿನ ಬಂಗುಡೆ ಮೀನು ತಾನಾಗಿ ದೋಣಿಗೆ ಹಾರುತ್ತಿತ್ತು. ಮೃಗಾಲಯದ ಹುಲಿಗಳು ಅವನ ಹೆಜ್ಜೆ ಕಲಿಯಲು ಕಾದು ಕೂತಿದ್ದವು. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಐತಪ್ಪನೇ ಹೇಳಿದ್ದು, ಹಾಗಾಗಿ ಸಂಶಯಕ್ಕೆ ಜಾಗವಿಲ್ಲ.

ಎಲ್ಲರೂ ಕಂಡದ್ದು ಒಂದಿತ್ತು. ಅಕ್ಕಿಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ. ಅದನ್ನು ಎತ್ತಲು ಇಬ್ಬರು ಬೇಕು. ಐತಪ್ಪ ಅದನ್ನು ಬರೀ ಹಲ್ಲಿನಲ್ಲಿ ಕಚ್ಚಿ, ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದ. ಅದಕ್ಕೇ ಅವನು ದೊಡ್ಡ ಹುಲಿ.

ಆ ವರ್ಷ ಮಳೆಗಾಲದಲ್ಲಿ ಅವನ ಮುಖ ಊದಿತು. ದೊಡ್ಡ ಆಸ್ಪತ್ರೆಯವರು ರಕ್ತ ನೋಡಿ, ಎರಡೂ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿವೆ ಎಂದರು. ಇನ್ನು ಯಾವ ಡಾಕ್ಟರ ಬಳಿ ಹೋದರೂ ಮೊದಲು ಈ ವಿಷಯ ಹೇಳಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಸಂಗತಿ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ವಾರಿಜಳಿಗೆ.

"ಅರ್ಧ ಕಿಡ್ನಿಯಲ್ಲೇ ಹೀಗೆ ಕುಣಿಯುವವ ನಾನು. ಪೂರ್ತಿ ಇದ್ದಿದ್ದರೆ ಮಂಗಳೂರು ತಡೆದುಕೊಳ್ಳುತ್ತಿತ್ತಾ ಮಾರಾಯ್ತಿ?"

"ನಗೆಯಾಡಬೇಡಿ ಇವರೇ. ಈ ವರ್ಷ ವೇಷ ಬೇಡ. ತಂಡದವರಿಗೆ ಹೇಳಿಬಿಡಿ."

"ಹೇಳಿದರೆ ನಾಳೆಯೇ ನಿನ್ನ ತಮ್ಮ ದೊಡ್ಡ ಹುಲಿ ಆಗುತ್ತಾನೆ. ಯಾರ ಹತ್ತಿರವಾದರೂ ಬಾಯಿಬಿಟ್ಟೆಯೋ, ನನ್ನ ಮೇಲಾಣೆ."

ವಾರಿಜಳ ತಮ್ಮ ಸೇಸಪ್ಪ ತಂಡದ ಎರಡನೇ ಹುಲಿ. ಕೆಟ್ಟವನಲ್ಲ. ಆದರೆ ಐತಪ್ಪನ ಕಣ್ಣಿಗೆ ಅವನ ಹಲ್ಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಬಂದಿತ್ತು.

ನವರಾತ್ರಿಗೆ ತಿಂಗಳಿರುವಾಗ ಐತಪ್ಪನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಮೇಲೆ ನೊಣ ಕೂತರೂ ಕಿರುಚುವಷ್ಟು ನೋವು. ಸೇಸಪ್ಪನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದ. ಡಾಕ್ಟ್ರಮ್ಮ ಊರಿಗೆ ಹೊಸಬರು. ಯೂರಿಕ್ ಆಸಿಡ್ ಹೆಚ್ಚಾಗಿ ಹೀಗಾಗಿದೆ ಎಂದರು.

"ಬಿಪಿ, ಶುಗರ್, ಕಿಡ್ನಿ, ಬೇರೆ ಏನಾದರೂ ತೊಂದರೆ ಉಂಟಾ?"

ಐತಪ್ಪ ಡಾಕ್ಟ್ರಮ್ಮನನ್ನು ನೋಡಲಿಲ್ಲ. ಬಾಗಿಲಿಗೆ ಒರಗಿ ನಿಂತ ಸೇಸಪ್ಪನನ್ನು ನೋಡಿದ.

"ಹುಲಿಗೆ ಎಂತ ಕಾಯಿಲೆ ಡಾಕ್ಟ್ರೇ? ಕಲ್ಲು ತಿಂದರೂ ಕರಗುತ್ತದೆ."

"ಆದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವ."

"ಮೊನ್ನೆಯಷ್ಟೇ ಮಾಡಿಸಿದ್ದು. ಎಲ್ಲ ಫಸ್ಟ್ ಕ್ಲಾಸ್!"

ಡಾಕ್ಟ್ರಮ್ಮ ನಂಬಿದರು. ಗಟ್ಟಿ ಆಳಿಗೆ ಕೊಡುವಷ್ಟೇ ಮದ್ದು ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: "ದಿನಾಲೂ ತಿನ್ನುವ ಈ ಮಾತ್ರೆ ಕೆಲವರ ಮೈಗೆ ಆಗುವುದಿಲ್ಲ. ಕೆಂಪು ದದ್ದು ಎದ್ದರೆ, ಬಾಯಿ ಹುಣ್ಣಾದರೆ, ಜ್ವರ ಬಂದರೆ, ಮತ್ತೆ ಒಂದನ್ನೂ ತಿನ್ನದೆ ನೇರ ಇಲ್ಲಿಗೆ ಬನ್ನಿ."

ಬೆರಳಿನ ಊತ ಇಳಿಯಿತು. ಐತಪ್ಪ ಮತ್ತೆ ನೆಲ ನಡುಗಿಸುತ್ತಾ ನಡೆದ. ನೆಲ ನಡುಗಿದ್ದು ಅವನಿಗೊಬ್ಬನಿಗೇ ತಿಳಿಯುತ್ತಿತ್ತು, ಅದು ಬೇರೆ ಮಾತು.

ನವರಾತ್ರಿಯಲ್ಲಿ ಬಣ್ಣ ಹಚ್ಚಿದರು. ಬಾಗಿಲು, ಕಿಟಕಿಗೆ ಬಳಿಯುವ ಎಣ್ಣೆಬಣ್ಣ. ಹಚ್ಚಿಸಿಕೊಂಡವರು ಎರಡೂ ಕೈಗೆ ಕೋಲಿನ ಆಸರೆ ಕೊಟ್ಟು ಒಣಗುವ ತನಕ ನಿಲ್ಲಬೇಕು. ಮೈ ಉರಿಯುತ್ತದೆ, ಚರ್ಮ ಬಿಗಿಯುತ್ತದೆ. ಉರಿ ಎಂದವನು ಹುಲಿಯೇ ಅಲ್ಲ.

ಮರುದಿನ ಎಲ್ಲ ಹುಲಿಗಳಿಗೂ ತುರಿಕೆ. "ಈ ಸಲದ ಬಣ್ಣವೇ ಸರಿ ಇಲ್ಲ ಭಾವ," ಎಂದು ಬೈದ ಸೇಸಪ್ಪ. ತೆಂಗಿನೆಣ್ಣೆ ತಿಕ್ಕಿಕೊಂಡರು. ಉಳಿದವರದ್ದು ಇಳಿಯಿತು. ಐತಪ್ಪನದ್ದು ಇಳಿಯಲಿಲ್ಲ. ಸೊಂಟದ ಪಟ್ಟಿಯ ಅಡಿಯಲ್ಲಿ ಕೆಂಪು ದದ್ದು ಎದ್ದಿತು. ನಡುವೆ ಕಪ್ಪಾಗಿ, ಎದೆಗೆ ಏರಿತು. ಸಂಜೆಗೆ ಜ್ವರ.

ಡಾಕ್ಟ್ರಮ್ಮನ ಮಾತು ಅವನಿಗೆ ನೆನಪಾಯಿತು. ಅಕ್ಷರ ಬಿಡದೆ ನೆನಪಾಯಿತು. ಆದರೆ ಹೋದರೆ ರಕ್ತ ತೆಗೆಯುತ್ತಾರೆ. ಐತಪ್ಪ ಹೇಳಿದ ಹಾಗೆ ಹೇಳಲು ರಕ್ತಕ್ಕೆ ಬರುವುದಿಲ್ಲ. ಮುಡಿ ಎತ್ತುವ ದಿನಕ್ಕೆ ಮುಂಚೆ ವಿಷಯ ಬೀದಿಗೆ ಬೀಳುತ್ತದೆ.

"ಬಣ್ಣದ್ದೇ," ಎಂದುಕೊಂಡ. ಕಾಲು ಕೈಕೊಡಬಾರದಲ್ಲ ಎಂದು ಆ ದಿನದ ಮಾತ್ರೆಯನ್ನೂ ನುಂಗಿದ.

ಮುಡಿ ಎತ್ತುವ ದಿನ ಬೆಳಿಗ್ಗೆ ವಾರಿಜ ಗಂಜಿ ಬಡಿಸಿದಳು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು ಬಂತು. ತುಟಿ ಒಡೆದಿತ್ತು. ಅವಳು ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದಳು. ನಾಲಿಗೆ, ಒಸಡು, ಕೆನ್ನೆಯ ಒಳಭಾಗ, ಎಲ್ಲ ಹಸಿ ಹುಣ್ಣು.

"ಬಣ್ಣದ್ದು, ಬಣ್ಣದ್ದು ಅಂತೀರಲ್ಲ," ಎಂದಳು. "ಬಾಯಿಯ ಒಳಗೂ ಬಣ್ಣ ಬಳಿದರಾ?"

ಐತಪ್ಪ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿದ.

"ಇವತ್ತೊಂದು ದಿನ ವಾರಿಜ. ನಾಳೆ ನೀನು ಹೇಳಿದಲ್ಲಿಗೆ ಬರುತ್ತೇನೆ."

"ಈಗಲೇ ಹೋಗುವ. ನಿಮ್ಮ ಕಾಲು ಹಿಡಿಯುತ್ತೇನೆ."

"ಆಣೆ ಹಾಕಿದ್ದೇನೆ, ನೆನಪಿರಲಿ," ಎಂದು ಎದ್ದ. ಅವಳ ನಾಲಿಗೆಯನ್ನು ಕಟ್ಟಿ ಹಾಕಿದ್ದೂ ಅದೇ ಆಣೆ.

ತಾಸೆ, ಡೋಲುಗಳ ಬಡಿತ ಶುರುವಾಯಿತು. ಬೀದಿ ತುಂಬ ಜನ. ಐತಪ್ಪ ಕುಣಿದ. ಕಣ್ಣು ಉರಿದು ಜನರೆಲ್ಲ ಮಸುಕಾಗಿದ್ದರು. ಮುಡಿಯ ಹತ್ತಿರ ಬಂದು, ನಾಲ್ಕು ಕಾಲಿನಲ್ಲಿ ಬಗ್ಗಿ, ಬೈಹುಲ್ಲಿನ ಹಗ್ಗಕ್ಕೆ ಹಲ್ಲು ಊರಿದ. ಹುಲ್ಲಿನ ತುದಿಗಳು ಹುಣ್ಣಿಗೆ ಹೊಕ್ಕವು. ಅಲ್ಲೇ ಬಿಟ್ಟುಬಿಡಬಹುದಿತ್ತು. ಸೇಸಪ್ಪ ಎದುರಿಗೇ ನಿಂತಿದ್ದ. ಐತಪ್ಪ ಮುಡಿಯನ್ನು ಎತ್ತಿದ, ತಲೆಯ ಮೇಲಿಂದ ಎಸೆದ.

ಜನ ಕೇಕೆ ಹಾಕಿದರು. ಅವನ ಗಲ್ಲದಿಂದ ರಕ್ತ ಇಳಿಯುತ್ತಿತ್ತು. ಹುಲಿಗೆ ಅದೂ ಒಂದು ಶೋಭೆ ಎಂದುಕೊಂಡು ಇನ್ನೂ ಜೋರಾಗಿ ಕೇಕೆ ಹಾಕಿದರು. ಅಷ್ಟರಲ್ಲಿ ಹುಲಿ ಕುಸಿಯಿತು.

ಸೇಸಪ್ಪ ಓಡಿ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ. ಅವನ ಅಂಗೈಗೆ ಹಳದಿ ಅಂಟಿಕೊಂಡು ಬಂತು. ಬಣ್ಣ ಎಂದುಕೊಂಡ. ಹಿಂದೆಯೇ ಚರ್ಮವೂ ಬಂತು.

ಆಸ್ಪತ್ರೆಯಲ್ಲಿ ಐತಪ್ಪನನ್ನು ಸುಟ್ಟಗಾಯದವರ ಕೋಣೆಯಲ್ಲಿ ಮಲಗಿಸಿದರು. ಬೆಂಕಿ ಮುಟ್ಟದೆಯೇ ಮೈ ಸುಟ್ಟವನಂತಿದ್ದ. ವಾರಿಜ ಆಣೆ ಮುರಿದು ಎಲ್ಲವನ್ನೂ ಹೇಳಿದಳು. ಕ್ಲಿನಿಕ್ಕಿನ ಡಾಕ್ಟ್ರಮ್ಮನೂ ಸುದ್ದಿ ಕೇಳಿ ಬಂದರು.

"ಕಿಡ್ನಿ ಸೋತವರ ಮೈಯಿಂದ ಈ ಮಾತ್ರೆ ಬೇಗ ಹೊರಗೆ ಹೋಗುವುದಿಲ್ಲ. ಅಂಥವರಿಗೆ ಅಪಾಯ ಹೆಚ್ಚು," ಎಂದರು. "ಗೊತ್ತಿದ್ದರೆ ಬೇರೆ ದಾರಿ ನೋಡುತ್ತಿದ್ದೆ. ಕೊಟ್ಟರೂ ಚೂರೇ ಚೂರು ಕೊಟ್ಟು ಕಾಯುತ್ತಿದ್ದೆ. ದದ್ದು ಎದ್ದ ದಿನವಾದರೂ ಬರಬಾರದಿತ್ತಾ ಅಮ್ಮಾ?"

ಸೇಸಪ್ಪ ಮಂಚದ ಬಳಿ ಬಗ್ಗಿದ. "ನನಗೊಂದು ಮಾತು ಹೇಳಬಾರದಿತ್ತಾ ಭಾವ? ಈ ವರ್ಷದ ಮುಡಿ ನಿಮ್ಮ ಹೆಸರು ಹೇಳಿಯೇ ಎತ್ತುತ್ತಿದ್ದೆನಲ್ಲ."

ಐತಪ್ಪನಿಗೆ ಕೇಳಿಸಿತು. ಕಣ್ಣು ಮುಚ್ಚಿಹೋಗಿತ್ತು, ಬಾಯಿ ತೆರೆಯಲು ಬರಲಿಲ್ಲ. ಇಷ್ಟು ಕಾಲ ತಾನು ಹೆದರಿದ್ದು ಇಂಥವನಿಗೆ ಎಂದು ಅವನಿಗೆ ತಿಳಿಯಿತು. ತಿಳಿದದ್ದನ್ನು ಹೇಳಲಾಗಲಿಲ್ಲ.

ದೀಪಾವಳಿಗೆ ಮುಂಚೆ ಅವನು ತೀರಿಕೊಂಡ.

ಸತ್ತವರಿಗೆ ಎಣ್ಣೆ, ಅರಸಿನ ಹಚ್ಚಿ ಮೀಯಿಸಿ ಕಳಿಸುವುದು ಅವರ ಕ್ರಮ. ವಾರಿಜ ಎರಡನ್ನೂ ತಂದಿದ್ದಳು. ಆಸ್ಪತ್ರೆಯ ಆಳು ಅವಳ ಕೈ ತಡೆದು ಮೆಲ್ಲಗೆ ಹೇಳಿದ: "ಉಜ್ಜಬೇಡಿ ಅಮ್ಮ. ಮುಟ್ಟಿದರೆ ಚರ್ಮ ನಿಲ್ಲುವುದಿಲ್ಲ."

ಅವಳು ಎಣ್ಣೆ, ಅರಸಿನದ ಬಟ್ಟಲನ್ನು ಗೋಡೆಯ ಬದಿಗೆ ಇಟ್ಟಳು. ಐತಪ್ಪನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೀಯಿಸದೆಯೇ ಕಳಿಸಿದರು.

ನೀತಿ: ಊರಿನ ಮುಂದೆ ಎಷ್ಟು ಬೇಕಾದರೂ ಜಂಬ ಕೊಚ್ಚಿಕೊಳ್ಳಿ, ಮದ್ದು ಕೊಡುವವರ ಮುಂದೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೊಸ ಮಾತ್ರೆ ತಿನ್ನುವಾಗ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡರೆ ತಪ್ಪನ್ನು ಬೇರೆ ಯಾವುದರ ಮೇಲೂ ಹಾಕದೆ ಆ ಕ್ಷಣವೇ ಡಾಕ್ಟರ ಬಳಿ ಓಡಿ. ಮುಚ್ಚಿಟ್ಟ ಕಾಯಿಲೆ ನಮ್ಮ ಮಾನ ಕಾಯುವುದಿಲ್ಲ, ನಮ್ಮನ್ನೇ ತೆಗೆದುಕೊಂಡು ಹೋಗುತ್ತದೆ.