ಕಣ್ಣಿಲ್ಲದ ರಾಜರು

ಸಾಹುಕಾರ ಕೆಂಚಪ್ಪ ಅರಮನೆಯ ಆಳಿಗೇ ಹತ್ತು ವರಹ ಕೇಳಿದ. ಒಂದು ವರಹದ ಗಂಜೀಫ ಪೆಟ್ಟಿಗೆಗೆ.

ಗಂಜೀಫ ಎಂದರೆ ಬಣ್ಣ ಬರೆದ ದುಂಡನೆಯ ಆಟದ ಎಲೆ. ಆ ವರ್ಷ ಕೋಡಿಪುರಕ್ಕೆ ಅದರ ಹುಚ್ಚು ಹಿಡಿದಿತ್ತು. ಅಗಸರಿಂದ ಅರಮನೆಯವರೆಗೆ ಎಲ್ಲರಿಗೂ ಬೇಕು. ಬರೆಯುವವನು ಒಬ್ಬನೇ, ಚಿತ್ರಗಾರ ಸಿಂಗಾಚಾರಿ. ಹುಣ್ಣಿಮೆಗೊಮ್ಮೆ ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಒತ್ತಿ ಜಗಲಿಯ ಮೇಲೆ ಮಾರುತ್ತಿದ್ದ. ಒಬ್ಬರಿಗೆ ಒಂದು.

ದೊರೆ ಭೈರನಾಯಕ ಕೆಂಚಪ್ಪನನ್ನು ಕರೆಸಿದ.

"ಇದೇನು ದರೋಡೆ?"

"ದರೋಡೆ ಎಲ್ಲಿ ಬಂತು ಬುದ್ಧಿ? ಸಾಲಿನಲ್ಲಿ ನಿಂತು ಕಾಸು ಕೊಟ್ಟು ತಂದದ್ದು."

"ತಾವೇ ನಿಂತಿರಾ ಸಾಹುಕಾರರೇ?" ಎಂದ ಅಳಸಿಂಗ. ದೊರೆಗೆ ಬೇಸರವಾದಾಗ ಮಾತನಾಡಲೆಂದೇ ಆಸ್ಥಾನದಲ್ಲಿ ಇದ್ದವನು.

"ನನ್ನ ಹಮಾಲರು ನಿಂತರು. ಅವರೇನು ಮನುಷ್ಯರಲ್ಲವೇ? ಊರಿನ ಪೆಟ್ಟಿಗೆಗಳೆಲ್ಲ ಈಗ ನನ್ನ ಗೋದಾಮಿನಲ್ಲಿವೆ. ಬೇಕಾದವರು ನನ್ನ ಬಾಗಿಲಿಗೇ ಬರಬೇಕು." ಕೆಂಚಪ್ಪ ಮೀಸೆ ತಿರುವಿದ.

"ನನ್ನ ತಂಗಿಯ ಹತ್ತಿರ ಒಂದು ಪೆಟ್ಟಿಗೆ ಇದೆ," ಎಂದ ದೊರೆ. "ನಾಲ್ಕು ದಿನ ಆಡಿದ್ದಾಳೆ ಅಷ್ಟೇ. ಅದನ್ನು ತೆಗೆದುಕೊಂಡು ಹೊಸದು ಕೊಡು."

"ಮುದ್ರೆ ಒಡೆದಿದೆಯೇ?"

"ಒಡೆಯದೆ ಆಡುವುದು ಹೇಗೋ?"

"ಹಾಗಾದರೆ ಅರ್ಧ ವರಹ. ಮುದ್ರೆ ಒಡೆದ ಪೆಟ್ಟಿಗೆಗೆ ಅರ್ಧ ಬೆಲೆ. ಅರಮನೆಯದಾದರೂ ಅಷ್ಟೇ, ಗುಡಿಸಲಿನದಾದರೂ ಅಷ್ಟೇ."

ಕೈ ಮುಗಿದು ಹೊರಟುಹೋದ.

ದೊರೆ ಹಲ್ಲು ಕಡಿದ. ಪೇಟೆಯವರ ಗೋದಾಮಿಗೆ ಕೈ ಹಾಕುವುದಿಲ್ಲ ಎಂದು ಅವನ ಅಜ್ಜ ಮಾತು ಕೊಟ್ಟಿದ್ದ. ಮೀರುವಂತಿಲ್ಲ. ಸಿಟ್ಟು ಚಿತ್ರಗಾರನ ಮೇಲೆ ಹೋಯಿತು.

"ಮಾರುವವನು ಸಿಂಗಾಚಾರಿ. ಅವನಿಗೂ ಪಾಲು ಇದೆ. ಅವನ ಉಂಬಳಿ ಗದ್ದೆ ಹಿಂದಕ್ಕೆ ಬರಲಿ."

"ಅವನಿಗೆ ಪಾಲಿದ್ದರೆ ಪಂಚೆಗೆ ತೇಪೆ ಇರುತ್ತಿರಲಿಲ್ಲ ಮಹಾಸ್ವಾಮಿ," ಎಂದ ಅಳಸಿಂಗ. "ಹುಣ್ಣಿಮೆಯವರೆಗೆ ಬಿಡಿ."

"ಬಿಟ್ಟೆ. ಈ ಸಲದ ಪೆಟ್ಟಿಗೆಗಳು ಆಡುವವರ ಕೈ ಸೇರಬೇಕು. ಒಂದು ವರಹಕ್ಕಿಂತ ಒಂದು ಕಾಸು ಹೆಚ್ಚಾಗಬಾರದು. ಕೆಂಚಪ್ಪನ ಗೋದಾಮು ಮುಟ್ಟಬಾರದು. ಆಗದಿದ್ದರೆ ಗದ್ದೆ ನನ್ನದು."

ಅಳಸಿಂಗ ಚಿತ್ರಗಾರನ ಮನೆಗೆ ಹೋದ. ಸಿಂಗಾಚಾರಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನ ಮುದಿ ತಾಯಿ ಎಲೆಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ರಾಜರ ಎಲೆಗಳಿಗೆ ಕಿರೀಟ ಇತ್ತು, ಮೀಸೆ ಇತ್ತು. ಕಣ್ಣು ಇರಲಿಲ್ಲ.

"ಇದೇನಜ್ಜಿ, ಕಣ್ಣು ಮರೆತಿರಾ?"

"ಮರೆಯುವುದಕ್ಕೆ ನನಗೇನು ಅರಳು ಮರಳೇ? ಕಣ್ಣು ಕೊನೆಗೆ. ನಮ್ಮ ಮನೆಯ ಕಟ್ಟಳೆ ಅದು. ನಮ್ಮ ಮಾವನ ಕಾಲದಲ್ಲಿ ಆಡುವವರನ್ನು ಎದುರಿಗೆ ಕೂರಿಸಿಕೊಂಡೇ ಕಣ್ಣು ಬರೆಯುತ್ತಿದ್ದರು. ಆಮೇಲೆ ಮೊದಲ ಆಟ ಈ ಜಗಲಿಯಲ್ಲೇ. ಈಗ ಯಾರಿಗೆ ಪುರಸೊತ್ತು?"

"ಕಣ್ಣಿಲ್ಲದ ಎಲೆಯಲ್ಲಿ ಆಡಿದರೆ?"

"ಯಾರು ಆಡುತ್ತಾರೆ? ಅದು ರಾಜನೇ ಅಲ್ಲ, ಬರೀ ಬಣ್ಣ."

ಅಳಸಿಂಗ ಅಲ್ಲೇ ಕೂತ. "ಸಿಂಗಾಚಾರಿ, ನಿಮ್ಮ ತಾತನ ಕಟ್ಟಳೆ ಮತ್ತೆ ಶುರು ಮಾಡು. ಕಣ್ಣು ಬರೆಯದೆ ಮುದ್ರೆ ಒತ್ತು."

ಹುಣ್ಣಿಮೆಯ ಹೊತ್ತಿಗೆ ಕೆಂಚಪ್ಪನ ಹಳೆಯ ಪೆಟ್ಟಿಗೆಗಳೆಲ್ಲ ಮಾರಿಹೋಗಿದ್ದವು. ಆ ದಿನ ಸಾಲಿನ ತುಂಬ ಅವನ ಹಮಾಲರು. ಕೆಂಚಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ. ಅರವತ್ತು ಪೆಟ್ಟಿಗೆಗೆ ಅರವತ್ತು ವರಹ ಸಿಂಗಾಚಾರಿಯ ಕೈ ಸೇರಿತು.

"ಒಂದನ್ನಾದರೂ ತೆರೆದು ನೋಡಿ ಸಾಹುಕಾರರೇ," ಎಂದ ಅಳಸಿಂಗ. "ಒಳಗೆ ಏನಿದೆಯೋ ಏನೋ."

"ನೋಡಿ ನಷ್ಟ ಮಾಡಿಕೊಳ್ಳುವುದಕ್ಕೆ ನಾನೇನು ಆಟಗಾರನೇ? ನಾನು ಕೊಳ್ಳುವುದು ಮುದ್ರೆ."

"ನಾಲ್ಕು ಜನ ಕೇಳಿಸಿಕೊಂಡಿದ್ದಾರೆ."

"ನಲವತ್ತು ಜನ ಕೇಳಿಸಿಕೊಳ್ಳಲಿ."

ಗಾಡಿ ಗೋದಾಮು ಸೇರಿದ ಮೇಲೆ ಅಳಸಿಂಗ ಡಂಗುರ ಹೊಡೆಸಿದ. ಈ ಸಲದ ರಾಜರಿಗೆ ಕಣ್ಣು ಬರೆದಿಲ್ಲ, ಆಡುವವರು ಪೆಟ್ಟಿಗೆ ತಂದು, ಎದುರಿಗೆ ಕೂತು ಬರೆಸಿಕೊಳ್ಳಬೇಕು, ಕಾಸಿಲ್ಲ, ಮೊದಲ ಆಟ ಚಿತ್ರಗಾರನ ಜಗಲಿಯಲ್ಲಿ.

ಕೆಂಚಪ್ಪನ ಅಂಗಡಿಯ ಮುಂದೆ ಹತ್ತು ವರಹ ಹಿಡಿದು ನಿಂತಿದ್ದವರು ಕೈ ಹಿಂದಕ್ಕೆ ಎಳೆದುಕೊಂಡರು.

"ತೆಗೆದು ತೋರಿಸಿ ಸಾಹುಕಾರರೇ."

"ಸುಳ್ಳು ಡಂಗುರ. ನೋಡಿ ಬೇಕಾದರೆ!" ಒಂದರ ಮುದ್ರೆ ಒಡೆದ. ಕಣ್ಣಿಲ್ಲ.

"ಇದೊಂದು ಹಾಗಾಗಿರಬೇಕು." ಇನ್ನೊಂದನ್ನು ಒಡೆದ. ಅದರಲ್ಲೂ ಇಲ್ಲ. ಮುಂದಿನದರಲ್ಲಿ ಇದ್ದೀತು, ಅದರ ಮುಂದಿನದರಲ್ಲಿ ಇದ್ದೀತು ಎಂದು ಒಡೆಯುತ್ತಾ ಹೋದ. ಅರವತ್ತೂ ಮುಗಿಯುವ ಹೊತ್ತಿಗೆ ಅಂಗಡಿಯ ಮುಂದೆ ಒಂದು ನಾಯಿ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಗಾಡಿ ಹೊಡೆಸಿಕೊಂಡು ಚಿತ್ರಗಾರನ ಜಗಲಿಗೆ ಬಂದ.

"ಅಷ್ಟಕ್ಕೂ ಕಣ್ಣು ಬರಿ!"

"ಆಗಲಿ. ಆಡುವವರು ಯಾರು?"

"ನಾನೇ. ಎಲ್ಲ ನನ್ನವೇ."

"ಕೂತುಕೊಳ್ಳಿ."

ಸಿಂಗಾಚಾರಿ ಒಂದು ಪೆಟ್ಟಿಗೆಯ ರಾಜರಿಗೆ ಕಣ್ಣು ಬರೆದ. ಒಣಗಿದ ಮೇಲೆ ಅವನ ತಾಯಿ ಎಲೆ ಹಂಚಿದಳು. ಕೆಂಚಪ್ಪನಿಗೆ ಆಟ ಬಾರದು. ಹಮಾಲರು ಬೇಲಿಯ ಮೇಲೆ ಕೂತು ನಗುತ್ತಿದ್ದರು.

"ಮಂತ್ರಿಯನ್ನು ಯಾಕಪ್ಪ ಬಿಟ್ಟೆ? ನೂರ ಇಪ್ಪತ್ತು ಎಲೆಯಲ್ಲಿ ಒಂದನ್ನೂ ನೆಟ್ಟಗೆ ಹಾಕಲಾರೆಯಾ?" ಎಂದಳು ಮುದುಕಿ.

ಮಧ್ಯಾಹ್ನಕ್ಕೆ ಆಟ ಮುಗಿಯಿತು. ಕೆಂಚಪ್ಪನ ಮಂಡಿ ಹಿಡಿದುಕೊಂಡಿತ್ತು.

"ಒಂದಾಯಿತು," ಎಂದಳು ಮುದುಕಿ. "ಮುಂದಿನದು ತಾ."

ಕೆಂಚಪ್ಪ ಗಾಡಿಯ ಕಡೆ ನೋಡಿದ. ಎದ್ದು ಕುಂಟುತ್ತಾ ಅರಮನೆಗೆ ಓಡಿದ.

"ಮೋಸ ಬುದ್ಧಿ! ಇವನ್ನು ಅರಮನೆಯೇ ಕೊಂಡುಕೊಳ್ಳಲಿ. ಲಾಭ ಬೇಡ. ನಾನು ಕೊಟ್ಟ ಒಂದು ವರಹ ಕೊಟ್ಟರೆ ಸಾಕು."

ದೊರೆ ಅಳಸಿಂಗನ ಮುಖ ನೋಡಿದ.

"ಕೊಳ್ಳೋಣ ಮಹಾಸ್ವಾಮಿ, ಪಾಪ," ಎಂದ ಅಳಸಿಂಗ. "ಸಾಹುಕಾರರೇ, ಮುದ್ರೆ ಒಡೆದಿದೆಯೇ?"

"ಒಡೆಯದೆ ತೋರಿಸುವುದು ಹೇಗೆ?" ಎಂದ ಕೆಂಚಪ್ಪ.

"ಹಾಗಾದರೆ ಅರ್ಧ ವರಹ. ಅರಮನೆಯದಾದರೂ ಅಷ್ಟೇ, ಗುಡಿಸಲಿನದಾದರೂ ಅಷ್ಟೇ."

ದೊರೆ ಕೆಮ್ಮು ಬರುವವರೆಗೆ ನಕ್ಕ.

ಅರಮನೆ ಕೊಂಡ ಪೆಟ್ಟಿಗೆಗಳು ಅದೇ ಅರ್ಧ ವರಹಕ್ಕೆ ಊರಿಗೆ ಹಂಚಿಹೋದವು. ಗದ್ದೆ ಸಿಂಗಾಚಾರಿಗೇ ಉಳಿಯಿತು.