ಹುಲಗಪ್ಪನ ಕೋಲು

ಹೊಳೆದಂಡೆಯ ಆಶ್ರಮದ ಮುಂದೆ ಒಂದು ಕಲ್ಲುಕಟ್ಟೆ. ಸುತ್ತ ಏಳು ಹಳ್ಳಿಯ ಜಗಳ ಅಲ್ಲಿಗೇ ಬರಬೇಕು, ಗುರುಗಳು ಅದರ ಮೇಲೆ ಕೂತೇ ತೀರಿಸಬೇಕು.

ಶಿಷ್ಯ ಬೊಮ್ಮಣ್ಣನಿಗೆ ಆ ಕಟ್ಟೆಯ ಮೇಲೇ ಕಣ್ಣು. "ಒಂದು ನ್ಯಾಯ ನೀನೊಬ್ಬನೇ ಮುಗಿಸು, ಕಟ್ಟೆ ನಿಂದು" ಅಂತ ಗುರುಗಳು ಅಂದಾಗಿನಿಂದ ಎದೆ ಉಬ್ಬಿಸಿಕೊಂಡು ಕಾಯುತ್ತಿದ್ದ. ಏಳು ಹಳ್ಳಿಯಲ್ಲಿ ತನ್ನಷ್ಟು ಚುರುಕು ಬುದ್ಧಿಯವನು ಇನ್ನೊಬ್ಬನಿಲ್ಲ ಅನ್ನೋದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಒಂದು ಬೆಳಿಗ್ಗೆ ಕುಂಬಾರರ ನೀಲವ್ವ ಬಂದಳು. ಅವಳ ಹಿಂದೆ ಕುರಿ ಕಾಯುವ ಹುಲಗಪ್ಪ.

"ಒಣಗಾಕ ಇಟ್ಟ ಹಸಿ ಗಡಿಗಿ ಎಲ್ಲಾ ಇವನ ಕುರಿ ತುಳಿದು ಮುದ್ದಿ ಮಾಡ್ಯಾವ್ರಿ. ನೋಡ್ರಿಲ್ಲೆ!"

ಚಪ್ಪಟೆಯಾದ ಗಡಿಗೆಯ ಮೇಲೆ ಗೊರಸಿನ ಗುರುತು ಅಚ್ಚೊತ್ತಿದ ಹಾಗಿತ್ತು.

ಹುಲಗಪ್ಪನಿಗೆ ಮಾತು ತೊದಲು. "ನಾ... ನಾ..." ಅಂದ.

"ಸಾಕು ಬಿಡೋ, ಗೊರಸೇ ಸಾಕ್ಷಿ ಹೇಳ್ಯಾವ" ಅಂದ ಬೊಮ್ಮಣ್ಣ. "ನಿನ್ನ ಕುರಿ ಗಡಿಗಿ ತುಳಿದಾವ, ನೀ ಹತ್ತು ದಿನ ಅಕೀ ಮಣ್ಣು ತುಳಿ. ನಡಿ."

ಹುಲಗಪ್ಪ ಕೈಲಿದ್ದ ಕೋಲನ್ನು ಅಲ್ಲೇ ಬಿಸಾಡಿ ಹೋದ. ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗುರುಗಳ ಕಡೆ ಬೊಮ್ಮಣ್ಣ ತಿರುಗಿದ.

"ಹೆಂಗಿತ್ರೀ ತೀರ್ಪು? ನೀವು ಎಲಿ ಮಡಚೋದ್ರೊಳಗ ಮುಗೀತು!"

ಗುರುಗಳು ಕೇಳಿದರು: "ಹುಲಗಪ್ಪ ಏನಂದ?"

"ಏನಂತಾನ್ರೀ, ಗುರುತು ಕಣ್ಣಿಗೆ ಹೊಡಿಯುವಾಗ?"

"ಏನಂದ ಅಂತ ಕೇಳಿದೆ."

ಬೊಮ್ಮಣ್ಣ ಹುಲಗಪ್ಪ ಹೋದ ದಾರಿಯ ಕಡೆ ನೋಡಿದ.

ಮಧ್ಯಾಹ್ನ ನೀಲವ್ವ ತಿರುಗಿ ಬಂದಳು, ಮೊಣಕೈವರೆಗೂ ಮಣ್ಣು. "ಅವ ಬರಲೇ ಇಲ್ಲ. ಗಡಿಗಿ ಅಂತೂ ಇಲ್ಲ, ನಿನ್ನ ತೀರ್ಪಿನಾಗ ನೀರು ತುಂಬಿಡ್ಲೇನೋ ತಮ್ಮಾ?"

ಗುರುಗಳು ಕೋಲನ್ನೆತ್ತಿ ಬೊಮ್ಮಣ್ಣನ ಕೈಗಿತ್ತರು.

"ಕೊಟ್ಟು ಬಾ."

ಹುಲಗಪ್ಪ ಜಾಲಿ ಮರದ ಕೆಳಗಿದ್ದ. ಕೋಲು ನೀಡಿದರೆ ಮುಖ ತಿರುಗಿಸಿದ. ಬೊಮ್ಮಣ್ಣ ಅತ್ತಿತ್ತ ನೋಡಿ, ಕಡೆಗೆ ಅವನ ಪಕ್ಕದಲ್ಲೇ ಕೂತ.

"ಬೆಳಿಗ್ಗೆ ಏನೋ ಹೇಳಾಕ ಹೊಂಟಿದ್ದೆಲ್ಲ. ಹೇಳು."

ಹುಲಗಪ್ಪ ಶುರು ಮಾಡಿದ. ಒಂದೊಂದು ಮಾತು ಸಿಕ್ಕಿಕೊಂಡಾಗಲೂ ಅದನ್ನು ತಾನೇ ಮುಗಿಸಿಬಿಡಲು ಬೊಮ್ಮಣ್ಣನ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತ. ಮರದ ನೆರಳು ಇಬ್ಬರನ್ನೂ ಬಿಟ್ಟು ಆಚೆ ಸರಿಯಿತು.

"ಕು... ಕುರಿ ಈದಿತ್ತು. ರಾತ್ರಿಯೆಲ್ಲಾ ಎಚ್ಚರಿದ್ದೆ. ಬೆ... ಬೆಳಗಿನ್ಯಾಗ ಕಣ್ಣು ಹತ್ತಿತು. ತ... ತಪ್ಪು ನಂದ. ಅ... ಅದನ್ನ ಹೇಳಾಕ ಬಂದಿದ್ದೆ."

ಬೊಮ್ಮಣ್ಣ ಆಶ್ರಮಕ್ಕೆ ಮರಳಿದಾಗ ಹೊತ್ತು ಇಳಿದಿತ್ತು.

"ತೀರ್ಪು ಅದೇ ನಿಂತಿತ್ರೀ. ಒಂದಕ್ಷರ ಬದಲಾಗಲಿಲ್ಲ. ನಾಳಿಯಿಂದ ಮಣ್ಣು ತುಳಿಯಾಕ ಹೋಗ್ತೀನಿ ಅಂದ. ಕೋಲೂ ಇಸ್ಕೊಂಡ."

ದನಿ ಮಾತ್ರ ಬೆಳಗಿನಷ್ಟು ಮೇಲೇರಲಿಲ್ಲ. ಮೆಲ್ಲಗೆ ಕೇಳಿದ:

"ಹಂಗಾದ್ರ ನಾಳೆ ಕಟ್ಟಿ ಮ್ಯಾಲೆ ನಾ ಕೂಡಲ್ರೀ?"

"ಹುಲಗಪ್ಪನ್ನ ಕೇಳು" ಅಂದರು ಗುರುಗಳು. "ಅವನು ಹೇಳಿ ಮುಗಿಸೋ ತನಕ ನಿಂತಿರು."