ಏರು ಹತ್ತದ ಜೀಪು

ಕೃಷ್ಣಾ ನದಿಯ ದಂಡೆಯಲ್ಲಿ, ಊರಿನಿಂದ ತುಸು ದೂರ, ಮಹಾಂತಜ್ಜನವರ ಆಶ್ರಮ. ನಾಲ್ಕು ಕೋಣೆ, ಒಂದು ಬೇವಿನ ಮರ. ಮರದ ಕೆಳಗೆ ಒಂದು ಹಳೆಯ ಡೀಸೆಲ್ ಜೀಪು.

ಜೀಪು ಓಡಿಸುತ್ತಿದ್ದವಳು ದಾನಮ್ಮ. ಮೂವತ್ತೈದರ ಹೆಂಗಸು. ಅವಳ ಅಪ್ಪ ಲಾರಿ ಡ್ರೈವರ್ ಆಗಿದ್ದ. ಸ್ಟೇರಿಂಗ್ ಹಿಡಿಯುವುದನ್ನೂ ಪಾನಾ ಹಿಡಿದು ರಿಪೇರಿ ಮಾಡುವುದನ್ನೂ ಅವನಿಂದಲೇ ಕಲಿತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಮನಸ್ಸು ಎಲ್ಲಿಯೂ ನಿಲ್ಲದೆ ಆಶ್ರಮಕ್ಕೆ ಬಂದಳು. ಅಜ್ಜ ಅವಳ ಕೈಗೆ ಜಪಮಾಲೆ ಕೊಡಲಿಲ್ಲ. ಜೀಪಿನ ಕೀಲಿ ಕೊಟ್ಟರು.

ಊರಿನಲ್ಲಿ ಈರಸಂಗಪ್ಪ ಮಾಸ್ತರರು ಎಂಬ ನಿವೃತ್ತ ಶಿಕ್ಷಕರಿದ್ದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು, ಇಲ್ಲದಿದ್ದರೆ ಪಾಳಿ ಬೇರೆಯವರಿಗೆ ಹೋಗುತ್ತದೆ. ಅವರನ್ನು ಕರೆದುಕೊಂಡು ಹೋಗುವುದೇ ದಾನಮ್ಮನ ಸೇವೆ.

ಪುಷ್ಯ ಮಾಸ ಬಂತು. ಜೀಪು ಬೆಳಿಗ್ಗೆ ಏಳಲಾರೆನೆಂದು ಹಟ ಹಿಡಿಯಿತು.

ಸೆಲ್ಫ್ ಹೊಡೆದರೆ ಇಂಜಿನ್ ಗರಗರ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಅರ್ಧ ತಾಸು ಒದ್ದಾಡಿದ ಮೇಲೆ ಹತ್ತಿದರೂ, ಊರಾಚೆಯ ಏರಿನಲ್ಲಿ ಕಸುವು ಕಳೆದುಕೊಂಡು ಮೊದಲ ಗೇರಿಗೆ ಬಂದುಬಿಡುತ್ತಿತ್ತು.

ದಾನಮ್ಮ ಸುಮ್ಮನೆ ಕೂರಲಿಲ್ಲ. ಥಂಡಿಗೆ ಬ್ಯಾಟರಿ ಸೋತಿದೆ ಎಂದು ಬ್ಯಾಟರಿ ಬದಲಿಸಿದಳು. ಆಗಲಿಲ್ಲ. ಥಂಡಿಯಲ್ಲಿ ಇಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ ಬದಲಿಸಿದಳು. ಆಗಲಿಲ್ಲ. ಏರಿನ ತೊಂದರೆಗೆ ಹೊಸ ಡೀಸೆಲ್ ಫಿಲ್ಟರ್ ಹಾಕಿಸಿದಳು. ಪಟ್ಟಣದ ಮೆಕ್ಯಾನಿಕ್, ಇಂಜಿನ್ನಿಗೇ ವಯಸ್ಸಾಗಿದೆ, ಇನ್ನು ಮಾರುವುದು ಒಳ್ಳೆಯದು ಎಂದ.

ಒಂದು ಗುರುವಾರ ಜೀಪು ಹತ್ತುವಷ್ಟರಲ್ಲಿ ಏಳು ದಾಟಿತ್ತು. ಏರಿನ ನಡುವೆ ಪೂರಾ ನಿಂತೇ ಹೋಯಿತು. ಹೇಗೋ ಮತ್ತೆ ಎಬ್ಬಿಸಿಕೊಂಡು ಆಸ್ಪತ್ರೆ ಮುಟ್ಟಿದಾಗ ಮಾಸ್ತರರ ಪಾಳಿ ತಪ್ಪಿತ್ತು. ನಾಳೆ ಬನ್ನಿ ಎಂದರು.

ಮರಳಿ ಬರುವಾಗ ಮಾಸ್ತರರ ಕಾಲು ಬಾತಿದ್ದವು. ಮಾತಿಗೊಮ್ಮೆ ಉಬ್ಬಸ. ಅಂಥದ್ದರಲ್ಲೂ ಅವರೇ ಅವಳನ್ನು ಸಮಾಧಾನ ಮಾಡಿದರು. ಒಂದು ದಿನ ತಡವಾದರೆ ಏನೂ ಆಗುವುದಿಲ್ಲ, ಶಾಲೆಗೆ ತಡವಾಗಿ ಬಂದ ಮಕ್ಕಳನ್ನು ತಾನೂ ಎಂದೂ ಹೊರಗೆ ನಿಲ್ಲಿಸಿದವನಲ್ಲ ಎಂದರು.

ಅವರ ಆ ಒಳ್ಳೆಯತನವನ್ನೇ ದಾನಮ್ಮನಿಗೆ ತಾಳಲಾಗಲಿಲ್ಲ.

ಮರುದಿನ ಮಾಸ್ತರರು ಹಾಲಿನ ಟೆಂಪೋದಲ್ಲಿ ಪಟ್ಟಣಕ್ಕೆ ಹೋದರು. ದಾನಮ್ಮ ಒಂದು ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿಕೊಂಡು ಜೀಪಿನ ಬಾನೆಟ್ ಎತ್ತಿದಳು. ಗಾಳಿ ಎಳೆಯುವ ಬಾಯಿಗೆ ಅದನ್ನು ಹಿಡಿದು ಸೆಲ್ಫ್ ಹೊಡೆದರೆ ಎಂಥ ಇಂಜಿನ್ ಆದರೂ ಬೆಚ್ಚಿಬಿದ್ದು ಏಳುತ್ತದೆ. ಒಳಗೆ ಪೆಟ್ಟಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಹಿಂದಿನಿಂದ ಅಜ್ಜ ಬಂದು ನಿಂತರು. ಅವರಿಗೆ ಗಾಡಿಯ ವಿಷಯ ಏನೂ ಗೊತ್ತಿಲ್ಲ. ಏನು ಮಾಡುತ್ತಿದ್ದೀ ಎಂದು ಕೇಳಿದರು. ಅವಳು ಹೇಳಿದಳು.

ಅಜ್ಜ ಅವಳ ಕೈಯಿಂದ ಆ ಬಟ್ಟೆ ತೆಗೆದುಕೊಂಡರು. ಹೆಗಲ ಮೇಲಿನ ವಸ್ತ್ರದಿಂದ ಅವಳ ಎರಡೂ ಕೈಗಳನ್ನು ಒಂದೊಂದೇ ಬೆರಳು ಹಿಡಿದು ಒರೆಸಿದರು.

"ಇದಕ್ಕ ಏನಾಗೈತಿ?" ಎಂದರು.

"ಥಂಡಿ ಹತ್ತೇತ್ರಿ ಅಜ್ಜಾರ. ಮುಂಜಾನಿ ಏಳವಲ್ದು."

"ಏರಿನ್ಯಾಗ ನಿಂತಾಗ ಬಿಸಿಲಿತ್ತಲ್ಲ?"

ಅದು ಬೇರೆ ತೊಂದರೆ, ಇಂಜಿನ್ನಿಗೆ ವಯಸ್ಸಾಗಿದೆ ಎಂದಳು ದಾನಮ್ಮ.

"ಎರಡು ಬ್ಯಾನಿ ಅಂತ ಜೀಪು ಹೇಳ್ತೋ, ನೀ ಹೇಳಿದ್ಯೋ?"

ದಾನಮ್ಮ ಬಾನೆಟ್ ಇಳಿಸಿದಳು.

ಅಜ್ಜ ಬೇವಿನ ಕಟ್ಟೆಯ ಮೇಲೆ ಕುಳಿತರು. ತಮ್ಮ ಮನೆಯಲ್ಲಿ ಹಿಂದೆ ಎತ್ತುಗಳಿದ್ದವು ಎಂದರು. ಎತ್ತು ಬೆಳಿಗ್ಗೆ ಏಳದಿದ್ದರೆ ಅವರ ತಂದೆ ಬಾರುಕೋಲನ್ನೂ ಮುಟ್ಟುತ್ತಿರಲಿಲ್ಲ, ಔಷಧಿಯನ್ನೂ ಮುಟ್ಟುತ್ತಿರಲಿಲ್ಲ. ಮೊದಲು ಅದರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದರು. ಹಾಗೆ ಹೇಳಿ, ಇವತ್ತಿನಿಂದ ಮೂರು ದಿನ ಜೀಪಿನ ಒಂದು ತಿರುಪನ್ನೂ ಬಿಚ್ಚಬಾರದು, ಏನನ್ನೂ ಬದಲಿಸಬಾರದು ಎಂದರು. ದಿನಕ್ಕೊಮ್ಮೆ ಎಬ್ಬಿಸಿ ನೋಡುವುದು ಅಷ್ಟೇ. ಸೋಮವಾರಕ್ಕೂ ಟೆಂಪೋದವನಿಗೆ ಹೇಳಿಟ್ಟಿದ್ದೇನೆ, ಮಾಸ್ತರರ ಚಿಂತೆ ಬೇಡ ಎಂದೂ ಸೇರಿಸಿದರು.

"ನೋಡೂದಂದ್ರ ಏನ್ ನೋಡ್ಲಿರಿ?"

"ಗೊತ್ತಿದ್ದಿದ್ರ ನಾನ ನೋಡ್ತಿದ್ದೆ."

ಆ ದಿನ ದಾನಮ್ಮ ಸಿಟ್ಟಿನಿಂದಲೇ ಕುಳಿತಳು. ಸೆಲ್ಫ್ ಹೊಡೆದಳು. ಇಂಜಿನ್ ಚುರುಕಾಗಿಯೇ ತಿರುಗಿತು, ಹತ್ತಲಿಲ್ಲ. ಹಾಗಾದರೆ ಬ್ಯಾಟರಿಯದು ಏನೂ ತಪ್ಪಿಲ್ಲ ಎನಿಸಿತು. ಹಳೆಯ ಬ್ಯಾಟರಿಯಲ್ಲೂ ಹೀಗೆಯೇ ತಿರುಗುತ್ತಿತ್ತು ಎಂಬುದು ಆಗ ನೆನಪಾಯಿತು.

ಕೆಳಗಿಳಿದು, ಕೀಲಿ ತಿರುಗಿಸಲು ಅಡುಗೆಯ ಗಂಗವ್ವನನ್ನು ಕೂರಿಸಿ, ತಾನು ಹಿಂದೆ ಹೋಗಿ ನಿಂತಳು. ಸೈಲೆನ್ಸರ್‌ನಿಂದ ಹೊಗೆಯೇ ಬರಲಿಲ್ಲ. ಬಿಳಿಯದೂ ಇಲ್ಲ, ಕರಿಯದೂ ಇಲ್ಲ.

ದಾನಮ್ಮ ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತು ಯೋಚಿಸಿದಳು. ಥಂಡಿಯಿಂದ ಡೀಸೆಲ್ ಉರಿಯದೆ ಹೋದರೆ ಬಿಳಿ ಹೊಗೆಯಾದರೂ ಬರಬೇಕು. ಏನೂ ಬರುತ್ತಿಲ್ಲ ಎಂದರೆ ಇಂಜಿನ್ನಿಗೆ ಡೀಸೆಲ್ಲೇ ಮುಟ್ಟುತ್ತಿಲ್ಲ. ಹಸಿದವನಿಗೆ ಅವಳು ಕಂಬಳಿ ಹೊದಿಸುತ್ತ ಕುಳಿತಿದ್ದಳು.

ಎರಡನೆಯ ದಿನವೂ ಹಾಗೆಯೇ ಆಯಿತು. ಆದರೆ ಟಾಕಿಯಿಂದ ಡೀಸೆಲ್ ಎಳೆಯುವ ಪಂಪಿನ ಮೇಲಿನ ಗುಂಡಿಯನ್ನು ಕೈಯಿಂದ ಇಪ್ಪತ್ತು ಸಲ ಒತ್ತಿದ ಮೇಲೆ ಜೀಪು ತಟ್ಟನೆ ಎದ್ದಿತು. ಆ ಇಪ್ಪತ್ತು ಒತ್ತುಗಳಲ್ಲಿ ಮೊದಲ ಹದಿನೈದು ಹಗುರಾಗಿದ್ದವು, ಬರಿ ಗಾಳಿಯನ್ನು ಒತ್ತಿದ ಹಾಗೆ.

ಅಂದು ಸಂಜೆ ಆಶ್ರಮದ ಗೋಡೆ ಕಟ್ಟುತ್ತಿದ್ದ ಗೌಂಡಿ ಲಾಲಸಾಬ ಜೀಪು ನಿಲ್ಲುವ ಜಾಗದಲ್ಲಿ ಉಸುಕು ಹಾಕಿಸಿದ್ದ. ದಾನಮ್ಮ ಜೀಪನ್ನು ಇಳುಕಲಿನಲ್ಲಿ, ನದಿಗೆ ಮುಖ ಮಾಡಿ ನಿಲ್ಲಿಸಬೇಕಾಯಿತು.

ಮೂರನೆಯ ದಿನ ಕೀಲಿ ತಿರುಗಿಸಿದಳು. ಜೀಪು ಒಂದೇ ಸಲಕ್ಕೆ ಎದ್ದಿತು.

ಥಂಡಿ ಹಿಂದಿನ ದಿನಕ್ಕಿಂತ ಹೆಚ್ಚೇ ಇತ್ತು.

ಅವಳು ಇಂಜಿನ್ ನಿಲ್ಲಿಸಿ ಬಹಳ ಹೊತ್ತು ಸೀಟಿನಲ್ಲೇ ಕುಳಿತಳು. ಬೇವಿನ ಕೆಳಗೆ ಜೀಪಿನ ಮೂತಿ ಮೇಲಿರುತ್ತಿತ್ತು, ಹಿಂದಿನ ಟಾಕಿ ಕೆಳಗೆ. ಇವತ್ತು ಟಾಕಿ ಮೇಲಿದೆ. ಅಂದರೆ ದಿನವೂ ಡೀಸೆಲ್ ಪೈಪಿನಿಂದ ಹಿಂದಕ್ಕೆ ಇಳಿದು ಟಾಕಿ ಸೇರುತ್ತಿತ್ತು. ಅದು ಇಳಿಯಬೇಕಾದರೆ ಎಲ್ಲಿಂದಲೋ ಗಾಳಿ ಒಳಗೆ ಬರಬೇಕು.

ಜೀಪಿನ ಕೆಳಗೆ ಮಲಗಿ ಪೈಪಿನುದ್ದಕ್ಕೂ ಬೆರಳಾಡಿಸಿದಳು. ಎಲ್ಲ ಒಣಗಿತ್ತು. ಎಲ್ಲಿಯೂ ಒಂದು ಹನಿ ಸೋರಿರಲಿಲ್ಲ.

ಅಜ್ಜನ ಬಳಿ ಹೋಗಿ, ಗಾಳಿ ಹೊಗುತ್ತಿರುವುದು ಖರೆ, ಆದರೆ ಎಲ್ಲಿಯೂ ಸೋರಿಕೆ ಕಾಣುತ್ತಿಲ್ಲ ಎಂದಳು. ಮೂರೂ ದಿನ ನೋಡಿದ್ದಾಯಿತು, ಈಗ ಬಿಚ್ಚಬಹುದೇ ಎಂದೂ ಕೇಳಿದಳು.

ಅಜ್ಜ ತಲೆಯಾಡಿಸಿ, "ಹೊರಗ ಸೋರೂದು ಕಣ್ಣಿಗೆ ಕಾಣ್ತೈತಿ," ಎಂದರು. "ಒಳಗ ಎಳಕೊಳ್ಳೂದು ಹೆಂಗ ಕಾಣಬೇಕು?"

ದಾನಮ್ಮನ ಕಣ್ಣು ಲಾಲಸಾಬನ ಕೈಯಲ್ಲಿದ್ದ ಪಾರದರ್ಶಕ ಪೈಪಿನ ಮೇಲೆ ಹೋಯಿತು. ಗೋಡೆಯ ಮಟ್ಟ ನೋಡಲು ನೀರು ತುಂಬುವ ಪೈಪು ಅದು. ಒಂದು ಮೊಳ ಬೇಡಿ ತಂದಳು. ಪಂಪಿನ ಮುಂದೆ ಹಳೆಯ ಪೈಪಿನ ಬದಲು ಅದನ್ನು ಕೂಡಿಸಿ ಇಂಜಿನ್ ಎಬ್ಬಿಸಿದಳು.

ಚೊಕ್ಕ ಡೀಸೆಲ್ಲಿನ ನಡುವೆ ಸಣ್ಣ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚಾದವು. ಏರಿನಲ್ಲಿ ಕಸುವು ಹೋಗುತ್ತಿದ್ದುದೂ ಇದರಿಂದಲೇ.

ಗುಳ್ಳೆ ಬರುವ ದಾರಿಯನ್ನೇ ಹಿಡಿದು ಹಿಂದೆ ಹೋದಳು. ಟಾಕಿಯ ಪಕ್ಕ ಒಂದು ಗೇಣು ರಬ್ಬರ್ ಪೈಪಿತ್ತು. ಬಿಗಿದ ಪಟ್ಟಿಯನ್ನು ಬಿಚ್ಚಿ, ಪೈಪನ್ನು ಬಗ್ಗಿಸಿದಳು. ಪಟ್ಟಿಯ ಅಡಿಯಲ್ಲಿ ಕೂದಲೆಳೆಯಂಥ ಒಂದು ಸೀಳು ಬಾಯಿ ತೆರೆಯಿತು.

ಒಂದು ಗೇಣು ರಬ್ಬರು. ಅದನ್ನು ಅವಳು ಯಾರಿಗೂ ತೋರಿಸಲಿಲ್ಲ. ಹೊಸದನ್ನು ಹಾಕಿ ಬಿಗಿದಳು, ಪಂಪಿನೊಳಗಿನ ಗಾಳಿ ತೆಗೆದಳು, ಜೀಪನ್ನು ಬೇಕೆಂದೇ ಮೂತಿ ಮೇಲಾಗಿ ನಿಲ್ಲಿಸಿದಳು.

ಸೋಮವಾರ ಟೆಂಪೋ ಬೇಕಾಗಲಿಲ್ಲ. ಏರನ್ನು ಜೀಪು ಮೂರನೆಯ ಗೇರಿನಲ್ಲಿ ಹತ್ತಿತು. ಮಾಸ್ತರರು ಬಲಗೈ ಚಾಚಿ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದರು.

ಅದರ ಮರುದಿನ ಬೆಳಿಗ್ಗೆ ದಾನಮ್ಮ ನದಿಯಲ್ಲಿ ಕೊಡ ತುಂಬುತ್ತಿದ್ದಳು. ಅಜ್ಜ ಸ್ನಾನ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದರು. ಐದನೆಯ ಮೆಟ್ಟಿಲಲ್ಲಿ ನಿಂತು ದಿನದಂತೆ ಪೂರ್ವಕ್ಕೆ ತಿರುಗಿದರು. ಶಿಷ್ಯರೆಲ್ಲ ಅದನ್ನು ಸೂರ್ಯನಮಸ್ಕಾರ ಎಂದುಕೊಂಡಿದ್ದರು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಅಂದು ಮೋಡ ಕವಿದಿತ್ತು. ಸೂರ್ಯ ಇರಲಿಲ್ಲ. ಆದರೂ ಅಜ್ಜ ನಿಂತರು.

ದಾನಮ್ಮ ಮರುದಿನವೂ ಕೊಡ ಹಿಡಿದು ಅಲ್ಲಿಯೇ ಇದ್ದಳು, ಅದರ ಮರುದಿನವೂ. ಅಜ್ಜ ಐದರಲ್ಲಿ ನಿಲ್ಲುತ್ತಿದ್ದರು, ಒಂಬತ್ತರಲ್ಲಿ ನಿಲ್ಲುತ್ತಿದ್ದರು. ನಿಂತಾಗ ಎಡಗೈ ಎದೆಯ ಮೇಲಿರುತ್ತಿತ್ತು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸಿಳ್ಳೆಯಂಥ ಸದ್ದು.

ಅವಳ ಅಪ್ಪನೂ ಹೀಗೆಯೇ ಎದೆ ನೀವಿಕೊಂಡು ಗ್ಯಾಸು ಎನ್ನುತ್ತಿದ್ದ. ಲಾರಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಹೌದೇನೋ ಎಂದು ರಸ್ತೆ ನೋಡುತ್ತಿದ್ದಳು.

ನಾಲ್ಕನೆಯ ದಿನ ಒಂಬತ್ತನೆಯ ಮೆಟ್ಟಿಲಿಗೆ ಹೋಗಿ ಅಜ್ಜನ ಪಕ್ಕದಲ್ಲಿ ಕುಳಿತಳು. ಪಟ್ಟಣದ ಆಸ್ಪತ್ರೆಗೆ ಹೋಗೋಣ ಎಂದಳು.

ಅಜ್ಜ ನಕ್ಕರು. "ವಯಸ್ಸಾತವ್ವ. ಅಷ್ಟ."

"ಜೀಪಿಗೂ ಹಂಗ ಅಂದಿದ್ವಿರಿ ಅಜ್ಜಾರ, ಎಲ್ಲಾರೂ."

ಅಜ್ಜ ನದಿಯಲ್ಲಿ ತೆಪ್ಪವೊಂದು ದಾಟುವವರೆಗೆ ನೋಡಿದರು. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು ಎದ್ದರು.

ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಪರೀಕ್ಷೆಗಳಾದವು. ಹೃದಯಕ್ಕೆ ದಣಿವಾಗಿದೆ, ಪುಪ್ಪುಸದಲ್ಲಿ ನೀರು ಸೇರುತ್ತಿದೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು, ಉಪ್ಪು ಕಡಿಮೆ ಮಾಡಲು ಹೇಳಿದರು, ಮುಂದಿನ ವಾರ ಮತ್ತೆ ಬರಬೇಕೆಂದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದು ದಾನಮ್ಮನಿಗೆ ಬೇರೆಯಾಗಿ ಹೇಳಿದರು.

ಮರಳುವಾಗ ಸಂಜೆಯಾಗಿತ್ತು. ಏರಿನ ತುದಿಯಲ್ಲಿ ದಾನಮ್ಮ ಜೀಪು ನಿಲ್ಲಿಸಿದಳು. ಕೆಳಗೆ ನದಿ ಕಾಣುತ್ತಿತ್ತು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು. ಅವಳು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ಅಜ್ಜ ಅವಳ ಬೆನ್ನ ಮೇಲೆ ಕೈಯಿಟ್ಟು ಕಾದರು.

ಕಣ್ಣೊರೆಸಿಕೊಂಡು ಅವಳು ಕೇಳಿದಳು.

"ದಿನಾ ಇಷ್ಟ ಮಂದಿ ನಿಮ್ಮ ಮುಂದ ಬಂದು ಕೂಡ್ತಾರ. ಒಬ್ಬರಿಗೂ ಗೊತ್ತಾಗಲಿಲ್ಲ ಯಾಕ್ರಿ ಅಜ್ಜಾರ?"

"ಅವರೆಲ್ಲಾ ನನ್ನ ಮಾತು ಕೇಳಾಕ ಬರ್ತಾರವ್ವ," ಎಂದರು ಮಹಾಂತಜ್ಜ. "ಉಸಿರು ಕೇಳಿದಾಕಿ ನೀ ಒಬ್ಬಾಕಿ."